ಪಿಎಸ್‌ಪಿಗೆ ಯುಎಸ್‌ಬಿ ಡ್ರೈವರ್ ಕೂರುತ್ತಿಲ್ಲವೇ? ಕೇಬಲ್‌ನಿಂದ ಜಾಡಿಗ್‌ವರೆಗೆ ಹಂತ ಹಂತವಾಗಿ

ಸೋನಿಯ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ಪಿಎಸ್‌ಪಿಯನ್ನು ಕಂಪ್ಯೂಟರಿಗೆ ಸಿಕ್ಕಿಸುವವರ ದೂರುಗಳು ಎರಡೇ ಬಗೆ. ಒಂದು: “ಪಿಎಸ್‌ಪಿ ಸಿಕ್ಕಿಸಿದೆ, ಕಂಪ್ಯೂಟರ್ ಸದ್ದೂ ಮಾಡಿತು, ಆದರೆ ರಿಮೋಟ್‌ಜಾಯ್‌ಲೈಟ್ (ಪಿಎಸ್‌ಪಿ ಪರದೆಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಪ್ರೋಗ್ರಾಂ) ಕಿಟಕಿ ಕಪ್ಪಗೇ ಇದೆ.” ಇನ್ನೊಂದು: “ಡ್ರೈವರ್ ಮೂರು ಸಲ ಹಾಕಿದೆ, ಈಗ ಮೆಮೊರಿ ಸ್ಟಿಕ್ ಕೂಡ ಕಾಣುತ್ತಿಲ್ಲ.” ಮೊದಲನೆಯದನ್ನು ಅವಸರದಲ್ಲಿ ಸರಿಮಾಡಲು ಹೋದವರೇ ಎರಡನೆಯದಕ್ಕೆ ಬಂದು ನಿಲ್ಲುವುದು. ಎರಡಕ್ಕೂ ಹೆಚ್ಚಿನ ಸಲ ಕಾರಣ ಒಂದೇ: ಡ್ರೈವರ್ (ಸಾಧನದ ಜೊತೆ ಮಾತಾಡಲು ವಿಂಡೋಸ್ ಬಳಸುವ ತಂತ್ರಾಂಶ) ತಪ್ಪಿಲ್ಲ, ಅದನ್ನು ಹಾಕಿದ ಹೊತ್ತು ತಪ್ಪು.

ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. “ಇದು ಗೊತ್ತಿರೋದೇ” ಎಂದು ಎರಡನೇ ಹಂತವನ್ನು ಹಾರಿಸಿದರೆ ಆರನೇ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

## ಒಂದೇ ಯಂತ್ರ, ಎರಡು ವೇಷ

ಪಿಎಸ್‌ಪಿ ಕಂಪ್ಯೂಟರಿನ ಮುಂದೆ ಎರಡು ವೇಷದಲ್ಲಿ ನಿಲ್ಲುತ್ತದೆ.

ಮೊದಲನೆಯದು ಸ್ಟೋರೇಜ್ ವೇಷ. ಪಿಎಸ್‌ಪಿ ಮೆನುವಿನಲ್ಲಿ ‘ಯುಎಸ್‌ಬಿ ಕನೆಕ್ಷನ್’ ಒತ್ತಿದಾಗ ಅದು ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಹೊರಗಿನಿಂದ ಯಾವ ಡ್ರೈವರೂ ಬೇಡ, ವಿಂಡೋಸ್‌ನಲ್ಲೇ ಇದೆ. ‘ಪಿಎಸ್‌ಪಿ ಯುಎಸ್‌ಬಿ ಡ್ರೈವರ್ ಡೌನ್‌ಲೋಡ್’ ಎಂದು ಹುಡುಕಿದಾಗ ಬರುವ ‘ಡ್ರೈವರ್ ಅಪ್‌ಡೇಟರ್’ಗಳು ಈ ಕೆಲಸಕ್ಕೆ ಉಪಯೋಗಕ್ಕಿಲ್ಲ. ಸೇವ್ ಫೈಲ್, ಫೋಟೋ, ಹಾಡು ಸಾಗಿಸುವುದಷ್ಟೇ ನಿಮ್ಮ ಉದ್ದೇಶವಾದರೆ 1 ಮತ್ತು 2ನೇ ಹಂತ ಓದಿದರೆ ಸಾಕು.

ಎರಡನೆಯದು ‘ಟೈಪ್ ಬಿ’ ವೇಷ. ಪಿಎಸ್‌ಪಿ ಪರದೆಯನ್ನು ಕಂಪ್ಯೂಟರಿನಲ್ಲಿ ನೋಡಲು ರಿಮೋಟ್‌ಜಾಯ್‌ಲೈಟ್, ನೀವೇ ಬರೆದ ಹೋಮ್‌ಬ್ರೂ ಪ್ರೋಗ್ರಾಂ ಓಡಿಸಿ ಪರೀಕ್ಷಿಸಲು ಪಿಎಸ್‌ಪಿಲಿಂಕ್ ಬಳಸುವಾಗ ಪಿಎಸ್‌ಪಿ ಹಾಕುವ ವೇಷ ಇದು. ವಿಂಡೋಸ್‌ಗೆ ಇದರ ಪರಿಚಯವಿಲ್ಲ. ಡ್ರೈವರ್ ಬೇಕಾಗುವುದು ಇದಕ್ಕೆ, ಇದಕ್ಕೆ ಮಾತ್ರ.

ಎರಡರ ಗುರುತಿನ ಸಂಖ್ಯೆಯೂ ಬೇರೆ. ತಯಾರಕರ ಸಂಖ್ಯೆ ಎರಡರಲ್ಲೂ 054ಸಿ, ಅದು ಸೋನಿಯದು. ಉತ್ಪನ್ನದ ಸಂಖ್ಯೆ ಸ್ಟೋರೇಜ್ ವೇಷದಲ್ಲಿ 01ಸಿ8 (1000ದ ನಂತರದ ಮಾದರಿಗಳಲ್ಲಿ 02ಡಿ2 ಕಾಣಬಹುದು), ಟೈಪ್ ಬಿ ವೇಷದಲ್ಲಿ 01ಸಿ9. ಇಲ್ಲಿ ಸಿ, ಡಿ ಎಂದಿರುವುದು ಇಂಗ್ಲಿಷ್ ಅಕ್ಷರಗಳು. ಈ 01ಸಿ9 ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ. ಮುಂದಿನ ಅರ್ಧ ಕೆಲಸ ಈ ಸಂಖ್ಯೆ ಹುಡುಕುವುದೇ.

## ಬೇಕಾಗುವ ಸಾಮಾನು

ಪಿಎಸ್‌ಪಿ 1000, 2000 ಅಥವಾ 3000. ಟೈಪ್ ಬಿ ಕೆಲಸಕ್ಕೆ ಅದರಲ್ಲಿ ಕಸ್ಟಮ್ ಫರ್ಮ್‌ವೇರ್ (ಸೋನಿಯದಲ್ಲದ, ಬದಲಾಯಿಸಿದ ಸಿಸ್ಟಮ್ ತಂತ್ರಾಂಶ) ಮೊದಲೇ ಇರಬೇಕು. ಪಿಎಸ್‌ಪಿ ಗೋಗೆ ಅದರದ್ದೇ ಬೇರೆ ಕನೆಕ್ಟರ್ ಇರುವುದರಿಂದ ಇಲ್ಲಿ ಹೇಳುವ ಕೇಬಲ್ ಅದಕ್ಕೆ ಹೊಂದುವುದಿಲ್ಲ.

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್, ಅದರಲ್ಲಿ ಅಡ್ಮಿನ್ ಹಕ್ಕು. ಆಫೀಸಿನ ಲ್ಯಾಪ್‌ಟಾಪ್ ಬೇಡ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಂಪನಿಗಳು ಕೊಡುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ ಸ್ಟೋರೇಜ್ ಮುಚ್ಚಿರುತ್ತಾರೆ, ಡ್ರೈವರ್ ಹಾಕಲೂ ಬಿಡುವುದಿಲ್ಲ. ಅಲ್ಲಿ ಗಂಟೆಗಟ್ಟಲೆ ಗುದ್ದಾಡಿದರೂ ಸಿಗುವುದು ಐಟಿ ವಿಭಾಗದ ಮೇಲ್ ಮಾತ್ರ.

ಯುಎಸ್‌ಬಿ ಡ್ರೈವರ್ ಹಾಕಿಕೊಡುವ ಜಾಡಿಗ್ ಎಂಬ ಉಚಿತ ಪ್ರೋಗ್ರಾಂ (ಇಂಗ್ಲಿಷಿನ ಝಡ್ ಅಕ್ಷರದಿಂದ ಶುರುವಾಗುವ ಹೆಸರು). ಇದನ್ನು ಇನ್‌ಸ್ಟಾಲ್ ಮಾಡುವುದಿಲ್ಲ, ಒಂದೇ ಫೈಲ್, ನೇರವಾಗಿ ಓಡುತ್ತದೆ. ಜೊತೆಗೆ ರಿಮೋಟ್‌ಜಾಯ್‌ಲೈಟ್ ಅಥವಾ ಪಿಎಸ್‌ಪಿಲಿಂಕ್ ಪ್ಯಾಕೇಜು.

ಕೊನೆಯದಾಗಿ, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವ ಬ್ಯಾಟರಿ. 1000 ಮಾದರಿ ಯುಎಸ್‌ಬಿಯಿಂದ ಚಾರ್ಜ್ ಆಗುವುದೇ ಇಲ್ಲ, ಅದನ್ನು ಅಡಾಪ್ಟರ್‌ಗೆ ಹಾಕಿಕೊಂಡೇ ಕೂರಿ. ಹಿಂಬದಿ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ತೆಗೆದು ಬೇರೆ ಹಾಕಿದ ಮೇಲೆಯೇ ಮುಂದಿನ ಮಾತು.

## ಹಂತ 1: ಕೇಬಲ್

ಪಿಎಸ್‌ಪಿಗೆ ಬೇಕಾದದ್ದು ಮಿನಿ ಯುಎಸ್‌ಬಿ, 5 ಪಿನ್ನಿನದು. ಹಳೆಯ ಮೊಬೈಲ್ ಚಾರ್ಜರ್‌ನಲ್ಲಿ ಬರುವ ಮೈಕ್ರೋ ಅಲ್ಲ. ಮಿನಿ ಸ್ವಲ್ಪ ದಪ್ಪ, ಇಕ್ಕೆಲಗಳಲ್ಲಿ ಸೊಂಟದ ಹಾಗೆ ಒಳಸರಿದಿರುತ್ತದೆ. ಹಳೆಯ ಡಿಜಿಟಲ್ ಕ್ಯಾಮೆರಾ, ಹೊರಗೆ ಸಿಕ್ಕಿಸುವ ಹಳೇ ಹಾರ್ಡ್‌ಡಿಸ್ಕ್‌ಗಳ ಜೊತೆ ಬರುತ್ತಿದ್ದ ಕೇಬಲ್ ಅದೇ. ಅಟ್ಟದ ಮೇಲಿನ ಡಬ್ಬ ಒಮ್ಮೆ ತಡಕಿ, ಅಲ್ಲಿ ಸಿಗುವ ಕೇಬಲ್ ಹೊಸದಕ್ಕಿಂತ ಒಳ್ಳೆಯದಿರುವುದೇ ಹೆಚ್ಚು.

ಹೊಸದು ಬೇಕಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ. ಕೇಳುವಾಗ ಪೂರ್ತಿ ಕೇಳಿ: “ಅಣ್ಣಾ, ಮಿನಿ ಯುಎಸ್‌ಬಿ ಕೇಬಲ್ ಕೊಡಿ, ಮೈಕ್ರೋ ಅಲ್ಲ. ಡೇಟಾ ಬರೋದು ಬೇಕು, ಬರೀ ಚಾರ್ಜಿಂಗ್‌ದಲ್ಲ.” ಈ ಕೊನೆಯ ಮಾತು ಮುಖ್ಯ. ಯುಎಸ್‌ಬಿ 2.0 ಕೇಬಲ್‌ನಲ್ಲಿ ನಾಲ್ಕು ತಂತಿ: ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಡೇಟಾಗೆ. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಹಸಿರು-ಬಿಳಿ ಇರುವುದೇ ಇಲ್ಲ. ಅಂಥ ಕೇಬಲ್ ಹಾಕಿದರೆ ಪಿಎಸ್‌ಪಿ 2000 ಚಾರ್ಜ್ ಆದಂತೆ ಕಂಡರೂ ಕಂಪ್ಯೂಟರ್‌ಗೆ ಅದರ ಸುಳಿವೇ ಹತ್ತುವುದಿಲ್ಲ.

ಮಲ್ಟಿಮೀಟರ್ ಇದ್ದರೆ ಬೀಪ್ ಬರುವ ಕಂಟಿನ್ಯುಯಿಟಿಗೆ ತಿರುಗಿಸಿ. ದೊಡ್ಡ ತುದಿಯಲ್ಲಿ ನಾಲ್ಕು ಪಟ್ಟಿಗಳಿರುತ್ತವೆ, ನಡುವಿನ ಎರಡು ಡೇಟಾದವು. ಚಿಕ್ಕ ತುದಿಯ ಪಿನ್ ಮುಟ್ಟಲು ಸೂಜಿ ಬೇಕಾದೀತು. ನಡುವಿನ ಎರಡಕ್ಕೂ ಬೀಪ್ ಬಂದರೆ ಕೇಬಲ್ ಸರಿ. ಬೀಪ್ ಹಿಡಿದುಕೊಂಡೇ ಕೇಬಲನ್ನು ಕುತ್ತಿಗೆಯ ಬಳಿ ಅಲ್ಲಾಡಿಸಿ. ಸದ್ದು ತುಂಡುತುಂಡಾದರೆ ಒಳಗೆ ತಂತಿ ಮುರಿದಿದೆ, ಎಸೆಯಿರಿ.

ಪೋರ್ಟ್ ವಿಷಯ: ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್‌ಗೇ ಸಿಕ್ಕಿಸಿ. ಕ್ಯಾಬಿನೆಟ್ ಮುಂದಿನ ಪೋರ್ಟ್‌ಗಳು ಒಳಗೊಂದು ಉದ್ದ ತಂತಿಯ ಮೂಲಕ ಮದರ್‌ಬೋರ್ಡ್‌ಗೆ ಸೇರುತ್ತವೆ, ಆ ಜೋಡಣೆ ಸಡಿಲವಿರುವುದು ಮಾಮೂಲು. ನೀಲಿ ಪೋರ್ಟ್‌ನಲ್ಲಿ ತೊಂದರೆ ಕೊಟ್ಟರೆ ಕಪ್ಪು ಪೋರ್ಟ್, ಅಂದರೆ ಯುಎಸ್‌ಬಿ 2.0, ಬಳಸಿ. ಟೈಪ್ ಸಿ ಮಾತ್ರ ಇರುವ ಲ್ಯಾಪ್‌ಟಾಪ್‌ಗೆ ಟೈಪ್ ಸಿ ಹಬ್ ಹಾಕಿ ಅದಕ್ಕೆ ಮಾಮೂಲಿ ಮಿನಿ ಕೇಬಲ್ ಸಿಕ್ಕಿಸುವುದು ಉತ್ತಮ. ನೇರ ‘ಸಿ ಟು ಮಿನಿ’ ಕೇಬಲ್‌ಗಳ ಗುಣಮಟ್ಟ ನಂಬುವಂತಿಲ್ಲ.

## ಹಂತ 2: ಮೊದಲು ಸ್ಟೋರೇಜ್ ವೇಷದಲ್ಲಿ ಪರೀಕ್ಷೆ

ನಿಮಗೆ ಟೈಪ್ ಬಿ ಮಾತ್ರ ಬೇಕಿದ್ದರೂ ಇದನ್ನು ಮಾಡಿ. ಕೇಬಲ್, ಪಿಎಸ್‌ಪಿಯ ಪೋರ್ಟ್, ಕಂಪ್ಯೂಟರಿನ ಪೋರ್ಟ್, ಈ ಮೂರೂ ಸರಿ ಇವೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ.

ಮೆಮೊರಿ ಸ್ಟಿಕ್ ಒಳಗಿರಲಿ. ಪಿಎಸ್‌ಪಿ ಮೆನುವಿನಲ್ಲಿ ಎಡತುದಿಯ ‘ಸೆಟ್ಟಿಂಗ್ಸ್’ಗೆ ಹೋಗಿ, ಮೇಲಕ್ಕೆ ಸರಿದು ‘ಯುಎಸ್‌ಬಿ ಕನೆಕ್ಷನ್’ ಆರಿಸಿ ಎಕ್ಸ್ ಗುಂಡಿ ಒತ್ತಿ. ಪರದೆಯಲ್ಲಿ ‘ಯುಎಸ್‌ಬಿ ಮೋಡ್’ ಎಂದು ಬಂದ ಮೇಲೆ ‘ದಿಸ್ ಪಿಸಿ’ಯಲ್ಲಿ ಹೊಸ ಡ್ರೈವ್ ಕಾಣಬೇಕು. ಸಿಕ್ಕಿಸಿದ ಮಾತ್ರಕ್ಕೆ ಕಾಣಲಿಲ್ಲ ಎಂದು ಗಾಬರಿಯಾಗುವವರು ಬಹಳ. ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಆಟೋ ಕನೆಕ್ಟ್’ ಆಫ್ ಇದ್ದರೆ, ಪಿಎಸ್‌ಪಿ ಕಡೆಯಿಂದ ಒತ್ತದೆ ಅದು ಬಾಯಿ ಬಿಡುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ.

‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ಮೈಕ್ರೋ ಎಸ್‌ಡಿ ಕಾರ್ಡನ್ನು ಅಡಾಪ್ಟರ್‌ನಲ್ಲಿ ಹಾಕಿ ಬಳಸುವವರಿಗೆ ಇದು ಹೆಚ್ಚು ಬರುತ್ತದೆ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳನ್ನು ವಿಂಡೋಸ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಮಾಡಿಬಿಡುತ್ತದೆ, ಪಿಎಸ್‌ಪಿ ಅದನ್ನು ಓದುವುದಿಲ್ಲ. ಅದಕ್ಕೆ ಬೇಕಿರುವುದು ಫ್ಯಾಟ್32. ಒಳಗಿನ ಡೇಟಾ ಬೇಡವೆಂದಾದರೆ ಪಿಎಸ್‌ಪಿಯ ‘ಸಿಸ್ಟಮ್ ಸೆಟ್ಟಿಂಗ್ಸ್’ನಲ್ಲಿರುವ ‘ಫಾರ್ಮ್ಯಾಟ್ ಮೆಮೊರಿ ಸ್ಟಿಕ್’ನಿಂದಲೇ ಮಾಡಿ.

ಎರಡನೆಯದು ಇನ್ನೂ ಅಪಾಯದ್ದು. ಕಸ್ಟಮ್ ಫರ್ಮ್‌ವೇರ್‌ನಲ್ಲಿ ಸೆಲೆಕ್ಟ್ ಗುಂಡಿ ಒತ್ತಿದಾಗ ಬರುವ ಪುಟ್ಟ ಮೆನುವಿನಲ್ಲಿ ‘ಯುಎಸ್‌ಬಿ ಡಿವೈಸ್’ ಎಂಬ ಸಾಲಿರುತ್ತದೆ. ಅದು ‘ಮೆಮೊರಿ ಸ್ಟಿಕ್’ ಬದಲು ‘ಫ್ಲ್ಯಾಶ್ 0’ ಎಂದಿದ್ದರೆ ಕಂಪ್ಯೂಟರಿನಲ್ಲಿ ಕೆಲವೇ ಹತ್ತು ಎಂಬಿ ಗಾತ್ರದ ಡ್ರೈವ್ ಕಾಣುತ್ತದೆ. ಅದು ಪಿಎಸ್‌ಪಿಯ ಸಿಸ್ಟಮ್ ಇರುವ ಜಾಗ. ಒಂದು ಫೈಲ್ ಅಳಿಸಿದರೂ ಯಂತ್ರ ಮತ್ತೆ ಏಳದಿರಬಹುದು. 16 ಜಿಬಿ ಕಾರ್ಡ್ ಹಾಕಿದ್ದಲ್ಲಿ ಪುಟಾಣಿ ಡ್ರೈವ್ ಕಂಡರೆ ಏನನ್ನೂ ಮುಟ್ಟದೆ ಹೊರಬನ್ನಿ, ಆ ಸಾಲನ್ನು ‘ಮೆಮೊರಿ ಸ್ಟಿಕ್’ಗೆ ಬದಲಿಸಿ.

ಡ್ರೈವ್ ಸರಿಯಾಗಿ ಕಂಡಿತೇ? ದೊಡ್ಡದೊಂದು ಫೈಲ್, 200 ಎಂಬಿಯಷ್ಟರದ್ದು, ಆ ಕಡೆ ನಕಲು ಮಾಡಿ ನೋಡಿ. ಮಧ್ಯದಲ್ಲಿ ಕೈಕೊಡದೆ ಮುಗಿದರೆ ಹಾರ್ಡ್‌ವೇರ್ ಪಾಸ್. ಅರ್ಧಕ್ಕೆ ನಿಂತರೆ ಹಂತ 1ಕ್ಕೆ ಹಿಂತಿರುಗಿ. ಕಡಿದುಹೋಗುವ ಕೇಬಲ್‌ನ ಮೇಲೆ ಡ್ರೈವರ್ ಹಾಕುವುದೆಂದರೆ ಸೋರುವ ತೊಟ್ಟಿಗೆ ನೀರು ತುಂಬಿಸಿದ ಹಾಗೆ.

## ಹಂತ 3: ಹಳೆಯ ಪ್ರಯತ್ನಗಳ ಕಸ ತೆಗೆಯಿರಿ

ಇದೇ ಮೊದಲ ಪ್ರಯತ್ನವಾದರೆ ರಿಸ್ಟೋರ್ ಪಾಯಿಂಟ್ (ಎಡವಟ್ಟಾದರೆ ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸುವ ಗುರುತು) ಮಾಡಿ ಮುಂದಕ್ಕೆ ಹೋಗಿ. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಸಿ ಡ್ರೈವ್‌ಗೆ ‘ಪ್ರೊಟೆಕ್ಷನ್’ ಆನ್ ಇದೆಯೇ ನೋಡಿ, ‘ಕ್ರಿಯೇಟ್’ ಒತ್ತಿ. ಎರಡು ನಿಮಿಷದ ಕೆಲಸ. ಇದರ ಬೆಲೆ ಏನೆಂದು ಹಂತ 6ರಲ್ಲಿ ಗೊತ್ತಾಗುತ್ತದೆ.

ಮೊದಲೇ ಒಂದೆರಡು ಡ್ರೈವರ್ ಹಾಕಿ ಸೋತಿದ್ದರೆ ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್ ಕಿಟಕಿ) ತೆರೆಯಿರಿ. ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಆರಿಸಿ. ಈಗ ಸಿಕ್ಕಿಸಿರದ ಸಾಧನಗಳೂ ಮಂಕಾಗಿ ಕಾಣುತ್ತವೆ. ‘ಲಿಬ್‌ಯುಎಸ್‌ಬಿ’ (ಟೈಪ್ ಬಿ ವೇಷಕ್ಕೆ ಹಾಕುವ ಡ್ರೈವರ್) ಎಂಬ ಗುಂಪಿನ ಅಡಿಯಲ್ಲಿ ಪಿಎಸ್‌ಪಿ ಹೆಸರಿನದ್ದು ಇದ್ದರೆ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಆರಿಸಿ. ಆಗ ಬರುವ ಪೆಟ್ಟಿಗೆಯಲ್ಲಿ ಡ್ರೈವರನ್ನೂ ತೆಗೆಯುವ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ. ಟಿಕ್ ಹಾಕದಿದ್ದರೆ ಸಾಧನ ಮಾತ್ರ ಹೋಗುತ್ತದೆ, ಡ್ರೈವರ್ ವಿಂಡೋಸ್‌ನ ಉಗ್ರಾಣದಲ್ಲೇ ಉಳಿಯುತ್ತದೆ. ಮುಂದಿನ ಸಲ ಸಿಕ್ಕಿಸಿದ ಕೂಡಲೇ ಅದೇ ತಪ್ಪು ಡ್ರೈವರ್ ಓಡಿಬಂದು ಕೂರುತ್ತದೆ. “ಎಷ್ಟು ಸಲ ತೆಗೆದರೂ ಹೋಗಲ್ಲ” ಎನ್ನುವವರೆಲ್ಲ ಬಿಟ್ಟಿರುವುದು ಈ ಟಿಕ್ ಒಂದನ್ನೇ.

ಹಳೆಯ ಪ್ಯಾಕೇಜುಗಳಲ್ಲಿ ಬರುವ ಡ್ರೈವರ್ ಫೋಲ್ಡರನ್ನು ಬಳಸಬೇಡಿ. ಅವು ಎಕ್ಸ್‌ಪಿ ಕಾಲದವು, ಡಿಜಿಟಲ್ ಸಹಿ ಇಲ್ಲದವು. 64 ಬಿಟ್ ವಿಂಡೋಸ್ ಸಹಿಯಿಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಎಫ್7 ಒತ್ತಿ ಸಹಿಯ ತಪಾಸಣೆ ಆಫ್ ಮಾಡಿ ಬೂಟ್ ಮಾಡುವ ಉಪಾಯ ಎಲ್ಲೆಡೆ ಹರಿದಾಡುತ್ತದೆ. ಅದು ಆ ಒಂದು ಬೂಟ್‌ಗೆ ಮಾತ್ರ. ಮಾರನೇ ದಿನ ಕಂಪ್ಯೂಟರ್ ಆನ್ ಮಾಡಿದರೆ ತಪಾಸಣೆ ವಾಪಸ್, ಡ್ರೈವರ್ ಬಂದ್. “ನಿನ್ನೆ ಕೆಲಸ ಮಾಡ್ತಿತ್ತು” ಎಂಬ ದೂರಿನ ಗುಟ್ಟು ಇದು.

## ಹಂತ 4: ಪಿಎಸ್‌ಪಿಗೆ ಟೈಪ್ ಬಿ ವೇಷ ಹಾಕಿಸಿ

ಡ್ರೈವರ್‌ಗೆ ಮುಂಚೆ ಈ ಹಂತ ಬರಬೇಕು, ಬಹುತೇಕರು ಉಲ್ಟಾ ಮಾಡುವುದು ಇಲ್ಲೇ. ಪಿಎಸ್‌ಪಿ ವೇಷ ಹಾಕುವವರೆಗೆ ಡ್ರೈವರ್ ಹಾಕಲು ಎದುರಿಗೆ ಸಾಧನವೇ ಇರುವುದಿಲ್ಲ.

ಪಿಎಸ್‌ಪಿಲಿಂಕ್ ಆದರೆ ಸುಲಭ. ಫೋಲ್ಡರನ್ನು ಮೆಮೊರಿ ಸ್ಟಿಕ್‌ನ ‘ಪಿಎಸ್‌ಪಿ’ ಒಳಗಿನ ‘ಗೇಮ್’ ಫೋಲ್ಡರಿಗೆ ಹಾಕಿ, ಯುಎಸ್‌ಬಿ ಮೋಡ್‌ನಿಂದ ಹೊರಬಂದು, ಗೇಮ್ ಮೆನುವಿನಿಂದ ಅದನ್ನು ಓಡಿಸಿ. ಅದು ಓಡುತ್ತಿರುವಷ್ಟು ಹೊತ್ತು ಪಿಎಸ್‌ಪಿ ಟೈಪ್ ಬಿ.

ರಿಮೋಟ್‌ಜಾಯ್‌ಲೈಟ್ ಪ್ಲಗಿನ್ ರೂಪದ್ದು, ಅಂದರೆ ಪಿಎಸ್‌ಪಿ ಆನ್ ಆದಾಗ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪುಟ್ಟ ಸೇರ್ಪಡೆ. ಪ್ಯಾಕೇಜಿನಲ್ಲಿರುವ ಪ್ಲಗಿನ್ ಫೋಲ್ಡರನ್ನು ಮೆಮೊರಿ ಸ್ಟಿಕ್‌ನ ಬೇರಿಗೆ, ಅಂದರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ, ನಕಲು ಮಾಡಿ. ಅದರೊಳಗೆ ‘ವಿಎಸ್‌ಎಚ್’ ಮತ್ತು ‘ಗೇಮ್’ ಎಂಬ ಹೆಸರಿನ ಟೆಕ್ಸ್ಟ್ ಫೈಲ್‌ಗಳಿರುತ್ತವೆ. ಮೊದಲನೆಯದು ಪಿಎಸ್‌ಪಿ ಮೆನುವಿಗೆ, ಎರಡನೆಯದು ಆಟಗಳಿಗೆ. ಪ್ಲಗಿನ್‌ನ ದಾರಿ ಇರುವ ಸಾಲು ಎರಡರಲ್ಲೂ ಇರಬೇಕು, ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು 1 ಎಂದಿರಬೇಕು. 0 ಎಂದಿದ್ದರೆ ಪ್ಲಗಿನ್ ಮಲಗಿದೆ ಎಂದರ್ಥ. ಎಆರ್‌ಕೆ-4 ಎಂಬ ಕಸ್ಟಮ್ ಫರ್ಮ್‌ವೇರ್ ಇರುವವರಿಗೆ ಲೆಕ್ಕ ಬೇರೆ, ಅಲ್ಲಿ ‘ಪ್ಲಗಿನ್ಸ್’ ಎಂಬ ಒಂದೇ ಫೈಲ್.

ಸಾಲನ್ನು ಕೈಯಲ್ಲಿ ಟೈಪ್ ಮಾಡುವವರು ಎರಡು ಕಡೆ ಎಡವುತ್ತಾರೆ. ಅಕ್ಷರವೊಂದು ತಪ್ಪಾದರೆ ಪಿಎಸ್‌ಪಿ ಯಾವ ತಕರಾರೂ ಹೇಳದೆ ಪ್ಲಗಿನ್ ಬಿಟ್ಟು ಮುಂದೆ ಹೋಗುತ್ತದೆ. ಇನ್ನೊಂದು ಫೈಲ್ ಹೆಸರಿನ ಕಿತಾಪತಿ: ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಮುಚ್ಚಿಟ್ಟಿರುವುದರಿಂದ ಹೊಸದಾಗಿ ಹೆಸರಿಟ್ಟ ಫೈಲ್‌ಗೆ ‘ಟಿಎಕ್ಸ್‌ಟಿ’ ಎಂಬ ಬಾಲ ಎರಡು ಸಲ ಅಂಟಿಕೊಂಡಿರಬಹುದು, ಕಣ್ಣಿಗೆ ಮಾತ್ರ ಒಂದೇ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿ ನೋಡಿ.

ಡ್ರೈವನ್ನು ‘ಇಜೆಕ್ಟ್’ ಮಾಡಿ, ಯುಎಸ್‌ಬಿ ಮೋಡ್‌ನಿಂದ ಹೊರಬಂದು, ಕೇಬಲ್ ತೆಗೆಯಿರಿ. ಪವರ್ ಸ್ವಿಚ್ಚನ್ನು ಮೇಲಕ್ಕೆ ತಳ್ಳಿ ಕೆಲವು ಸೆಕೆಂಡ್ ಹಿಡಿದು ಪಿಎಸ್‌ಪಿಯನ್ನು ಪೂರ್ತಿ ಆಫ್ ಮಾಡಿ. ಒಮ್ಮೆ ತಳ್ಳಿ ಬಿಟ್ಟರೆ ಅದು ನಿದ್ರೆಗೆ ಹೋಗುತ್ತದೆ ಅಷ್ಟೇ, ಪ್ಲಗಿನ್ ಲೋಡ್ ಆಗುವುದು ಹೊಸದಾಗಿ ಆನ್ ಆದಾಗ ಮಾತ್ರ. ಮತ್ತೆ ಆನ್ ಮಾಡಿ ಕೇಬಲ್ ಸಿಕ್ಕಿಸಿ. ಈ ಸಲ ‘ಯುಎಸ್‌ಬಿ ಕನೆಕ್ಷನ್’ ಒತ್ತಬೇಡಿ. ಒತ್ತಿದರೆ ಸ್ಟೋರೇಜ್ ವೇಷಕ್ಕೂ ಟೈಪ್ ಬಿಗೂ ಜಗಳ ಹತ್ತುತ್ತದೆ.

## ಹಂತ 5: ಸಂಖ್ಯೆ ನೋಡಿ

ಡಿವೈಸ್ ಮ್ಯಾನೇಜರ್‌ನಲ್ಲಿ ‘ಅದರ್ ಡಿವೈಸಸ್’ ಎಂಬ ಗುಂಪು ಮೂಡಿ, ಅದರಡಿ ಹಳದಿ ತ್ರಿಕೋನವಿರುವ ‘ಪಿಎಸ್‌ಪಿ ಟೈಪ್ ಬಿ’ ಬಂದಿರಬೇಕು. ಹಳದಿ ಗುರುತು ಕಂಡರೆ ಬೇಸರ ಬೇಡ, ಈ ಹಂತದಲ್ಲಿ ಅದು ಶುಭ ಶಕುನ. ಅದರ ಮೇಲೆ ಎರಡು ಸಲ ಒತ್ತಿ, ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿ, ಚೀಟಿಯಲ್ಲಿ ಬರೆದ ಸಂಖ್ಯೆಗೆ ತಾಳೆ ನೋಡಿ. 054ಸಿ, 01ಸಿ9 ಇದ್ದರೆ ಮುಂದಕ್ಕೆ.

01ಸಿ8 ಅಥವಾ 02ಡಿ2 ಇದ್ದರೆ ಪಿಎಸ್‌ಪಿ ಇನ್ನೂ ಸ್ಟೋರೇಜ್ ವೇಷದಲ್ಲಿದೆ, ಹಂತ 4ಕ್ಕೆ ವಾಪಸ್. ಏನೂ ಬಾರದಿದ್ದರೆ ಪ್ಲಗಿನ್ ಲೋಡ್ ಆಗಿಲ್ಲ.

ಎರಡೂ ಸಂಖ್ಯೆಗಳ ಜಾಗದಲ್ಲಿ 0000 ಮತ್ತು 0002 ಕಂಡರೆ, ಹೆಸರಿನಲ್ಲಿ ‘ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂದಿದ್ದರೆ, ಅಲ್ಲಿಗೇ ನಿಲ್ಲಿ. ಸಾಧನ ತನ್ನ ಹೆಸರು ಹೇಳುವ ಮುನ್ನವೇ ಮಾತು ಕಡಿದುಹೋಗಿದೆ ಎಂದು ಅದರ ಅರ್ಥ. ಕೇಬಲ್, ಪೋರ್ಟ್ ಅಥವಾ ಪಿಎಸ್‌ಪಿಯ ಕನೆಕ್ಟರ್ ಕಾರಣ, ಯಾವ ಡ್ರೈವರೂ ಇದನ್ನು ಸರಿಮಾಡದು. ಪಿಎಸ್‌ಪಿ ಆಫ್ ಮಾಡಿ, ಬ್ಯಾಟರಿ ತೆಗೆದು, ಟಾರ್ಚ್ ಬಿಟ್ಟು ಪೋರ್ಟ್ ಒಳಗೆ ನೋಡಿ. ನಡುವಿನ ಸಣ್ಣ ನಾಲಿಗೆ ನೇರವಿದೆಯೇ, ಹಸಿರು ಕಿಲುಬು ಹಿಡಿದಿದೆಯೇ? ಕಿಲುಬಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೆತ್ತನೆ ಬ್ರಷ್ ಸಾಕು, ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಹಾಕಿ. ನಾಲಿಗೆ ಮುರಿದಿದ್ದರೆ ಕನೆಕ್ಟರನ್ನೇ ಬದಲಿಸಬೇಕು, ಮೊಬೈಲ್ ರಿಪೇರಿಯವರ ಬಳಿ ಬೆಸುಗೆ ಹಾಕಿಸುವ ಕೆಲಸ ಅದು.

## ಹಂತ 6: ಜಾಡಿಗ್‌ನಿಂದ ಡ್ರೈವರ್

ಕರೆಂಟ್ ಕೈಕೊಡುವ ಹೊತ್ತಿನಲ್ಲಿ, ಅದರಲ್ಲೂ ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಇದನ್ನು ಶುರು ಮಾಡಬೇಡಿ. ಅರ್ಧಕ್ಕೆ ನಿಂತರೆ ಮತ್ತೆ ಹಂತ 3ರ ಕಸ ಬಾಚುವ ಕೆಲಸ.

ಜಾಡಿಗ್ ತೆರೆಯಿರಿ, ಅಡ್ಮಿನ್ ಅನುಮತಿ ಕೊಡಿ. ಡ್ರೈವರ್ ಇಲ್ಲದ ಸಾಧನಗಳನ್ನಷ್ಟೇ ಅದು ಮೊದಲಿಗೆ ತೋರಿಸುತ್ತದೆ. ಪಟ್ಟಿಯಲ್ಲಿ ‘ಪಿಎಸ್‌ಪಿ ಟೈಪ್ ಬಿ’ ತಾನಾಗಿ ಬಂದಿದ್ದರೆ ‘ಲಿಸ್ಟ್ ಆಲ್ ಡಿವೈಸಸ್’ ಮುಟ್ಟಲೇಬೇಡಿ. ಅದನ್ನು ಆನ್ ಮಾಡಿದ ಕೂಡಲೇ ನಿಮ್ಮ ಕೀಬೋರ್ಡ್, ಮೌಸ್, ವೆಬ್‌ಕ್ಯಾಮ್, ಬ್ಲೂಟೂತ್ ಎಲ್ಲವೂ ಅದೇ ಪಟ್ಟಿಗೆ ಬಂದು ಕೂರುತ್ತವೆ, ಕೈ ಜಾರಿದರೆ ಮೌಸ್‌ಗೆ ಪಿಎಸ್‌ಪಿ ಡ್ರೈವರ್ ಬೀಳುತ್ತದೆ.

‘ಯುಎಸ್‌ಬಿ ಐಡಿ’ ಎಂಬಲ್ಲಿ ಮತ್ತೊಮ್ಮೆ 054ಸಿ, 01ಸಿ9 ನೋಡಿ.

ಹಸಿರು ಬಾಣದ ಎಡಕ್ಕಿರುವುದು ಈಗಿನ ಡ್ರೈವರ್, ಬಲಕ್ಕಿರುವುದು ಹಾಕಲಿರುವುದು. ಬಲಗಡೆಯಲ್ಲಿ ಮೊದಲಿಗೆ ಕಾಣುವುದು ‘ವಿನ್‌ಯುಎಸ್‌ಬಿ’. ಅದನ್ನೇ ಒಪ್ಪಿ ಮುಂದುವರಿಯುವುದು ದೊಡ್ಡ ತಪ್ಪು. ಪಕ್ಕದ ಪುಟ್ಟ ಬಾಣ ಒತ್ತಿ ‘ಲಿಬ್‌ಯುಎಸ್‌ಬಿ-ವಿನ್32’ ಬರುವವರೆಗೆ ಬದಲಿಸಿ. ರಿಮೋಟ್‌ಜಾಯ್‌ಲೈಟ್‌ನ ಕಂಪ್ಯೂಟರ್ ಪ್ರೋಗ್ರಾಂ ಹಳೆಯದು, ಅದು ‘ಲಿಬ್‌ಯುಎಸ್‌ಬಿ0’ ಎಂಬ ಡಿಎಲ್‌ಎಲ್ ಫೈಲನ್ನು ಹುಡುಕುತ್ತದೆ. ವಿನ್‌ಯುಎಸ್‌ಬಿ ಹಾಕಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಹೋಗುತ್ತದೆ, ಎಲ್ಲ ಸರಿ ಎನಿಸುತ್ತದೆ, ಪ್ರೋಗ್ರಾಂ ಮಾತ್ರ ಡಿಎಲ್‌ಎಲ್ ಇಲ್ಲವೆಂದು ಕೂಗುತ್ತದೆ ಅಥವಾ ಪಿಎಸ್‌ಪಿಯನ್ನು ಕಾಣದೆ ಸುಮ್ಮನಿರುತ್ತದೆ.

‘ಇನ್‌ಸ್ಟಾಲ್ ಡ್ರೈವರ್’ ಒತ್ತಿ ಕೈಕಟ್ಟಿ ಕೂರಿ. ಕೆಲವು ಕಂಪ್ಯೂಟರ್‌ಗಳಲ್ಲಿ ಇದು ನಿಮಿಷಗಟ್ಟಲೆ ಹಿಡಿಯುತ್ತದೆ, ನಿಂತುಹೋಗಿದೆ ಎಂದು ಕೇಬಲ್ ಕೀಳಬೇಡಿ. ಜಾಡಿಗ್ ಈ ಹೊತ್ತಿನಲ್ಲಿ ತಾನೇ ಒಂದು ಪ್ರಮಾಣಪತ್ರ ತಯಾರಿಸಿ ಡ್ರೈವರ್ ಪ್ಯಾಕೇಜಿಗೆ ಸಹಿ ಹಾಕುತ್ತದೆ, ಎಫ್7 ಗೋಜು ಬೇಡವಾಗುವುದು ಅದರಿಂದಲೇ.

ಕೈ ಜಾರಿ ಮೌಸ್‌ಗೋ ಕೀಬೋರ್ಡ್‌ಗೋ ಡ್ರೈವರ್ ಬಿದ್ದಿತೇ? ಲ್ಯಾಪ್‌ಟಾಪ್ ಆದರೆ ಒಳಗಿನ ಕೀಬೋರ್ಡ್ ಉಳಿದಿರುತ್ತದೆ, ಅದರಿಂದಲೇ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ತಪ್ಪಿದ ಸಾಧನವನ್ನು ಟಿಕ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿ. ಡೆಸ್ಕ್‌ಟಾಪ್‌ನಲ್ಲಿ ಎರಡೂ ಸತ್ತಿದ್ದರೆ, ವಿಂಡೋಸ್ ಲೋಡ್ ಆಗುವಾಗ ಪವರ್ ಗುಂಡಿ ಒತ್ತಿ ಹಿಡಿದು ಸತತ ಮೂರು ಸಲ ಆಫ್ ಮಾಡಿ. ರಿಪೇರಿ ಪರದೆ ಬರುತ್ತದೆ, ಅಲ್ಲಿ ಕೀಬೋರ್ಡ್ ಕೆಲಸ ಮಾಡುತ್ತದೆ. ‘ಅಡ್ವಾನ್ಸ್ಡ್ ಆಪ್ಶನ್ಸ್’ನಲ್ಲಿ ‘ಸಿಸ್ಟಮ್ ರಿಸ್ಟೋರ್’ ಆರಿಸಿ ಹಂತ 3ರ ಪಾಯಿಂಟ್‌ಗೆ ಹಿಂತಿರುಗಿ.

## ಹಂತ 7: ಓಡಿಸಿ ನೋಡುವುದು

ಕೇಬಲ್ ತೆಗೆದು ಮತ್ತೆ ಸಿಕ್ಕಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿಲ್ಲದೆ ಲಿಬ್‌ಯುಎಸ್‌ಬಿ ಗುಂಪಿನಲ್ಲಿ ಪಿಎಸ್‌ಪಿ ಟೈಪ್ ಬಿ ಬಂದಿರಬೇಕು. ಈಗ ಕಂಪ್ಯೂಟರಿನಲ್ಲಿ ರಿಮೋಟ್‌ಜಾಯ್‌ಲೈಟ್ ತೆರೆದರೆ ಪಿಎಸ್‌ಪಿ ಪರದೆ ಕಿಟಕಿಯೊಳಗೆ ಬರುತ್ತದೆ.

ಬೇರೆ ಪೋರ್ಟ್‌ಗೆ ಸಿಕ್ಕಿಸಿದರೆ ಮೊದಲ ಸಲ ವಿಂಡೋಸ್ ಕೆಲವು ಸೆಕೆಂಡ್ ತಡವರಿಸಬಹುದು. ಆ ಪೋರ್ಟ್‌ನಲ್ಲಿ ಅದನ್ನು ಹೊಸ ಸಾಧನವೆಂದು ಎಣಿಸಿ, ಉಗ್ರಾಣದಿಂದ ಅದೇ ಡ್ರೈವರನ್ನು ತೆಗೆದು ಹಾಕುತ್ತದೆ. ಜಾಡಿಗ್ ಮತ್ತೆ ಓಡಿಸುವ ಅಗತ್ಯವಿಲ್ಲ.

ಮೆನು ಕಾಣುತ್ತದೆ, ಆಟ ಶುರುವಾದೊಡನೆ ಕಪ್ಪಾಗುತ್ತದೆ ಎಂದರೆ ‘ಗೇಮ್’ ಫೈಲ್‌ನ ಸಾಲು ನೋಡಿ, ಡ್ರೈವರನ್ನಲ್ಲ. ಚಿತ್ರ ಎಳೆದೆಳೆದು ಬಂದರೂ ಡ್ರೈವರ್ ಬೈಯಬೇಡಿ. ಪಿಎಸ್‌ಪಿ ಪರದೆ 480×272, ಅಂದರೆ 1,30,560 ಚುಕ್ಕಿ. 32 ಬಿಟ್ ಬಣ್ಣದಲ್ಲಿ ಒಂದೊಂದು ಚಿತ್ರವೂ ಸುಮಾರು 510 ಕೆಬಿ, ಸೆಕೆಂಡಿಗೆ 60 ಚಿತ್ರವೆಂದರೆ 30 ಎಂಬಿ ದಾಟುತ್ತದೆ. ಆಟ ಓಡಿಸುತ್ತಲೇ ಇಷ್ಟನ್ನೂ ಹೊರಗೆ ತಳ್ಳುವುದು ಆ ಪುಟ್ಟ ಯಂತ್ರಕ್ಕೆ ಭಾರ. 16 ಬಿಟ್ ಬಣ್ಣಕ್ಕೆ ಇಳಿಸಿದರೆ ಹೊರೆ ಅರ್ಧವಾಗುತ್ತದೆ, ಚಿತ್ರಗಳ ಸಂಖ್ಯೆ ಇಳಿಸಿದರೆ ಇನ್ನೂ ಹಗುರ.

## ಕೋಡ್ ನೋಡಿ ಕಾಯಿಲೆ ಹೇಳುವುದು

ಡಿವೈಸ್ ಮ್ಯಾನೇಜರ್‌ನ ‘ಜನರಲ್’ ಪುಟದಲ್ಲಿ ಒಂದು ಕೋಡ್ ಇರುತ್ತದೆ. ಸಹಾಯ ಕೇಳುವಾಗ “ಬರ್ತಿಲ್ಲ” ಎನ್ನುವುದಕ್ಕಿಂತ ಈ ಸಂಖ್ಯೆ ಹೇಳಿದರೆ ಅರ್ಧ ದಾರಿ ಉಳಿಯುತ್ತದೆ.

ಕೋಡ್ 28: ಡ್ರೈವರ್ ಇನ್ನೂ ಇಲ್ಲ. ಹಂತ 6.

ಕೋಡ್ 52: ಸಹಿ ಒಪ್ಪಿಗೆಯಾಗಿಲ್ಲ. ಹಳೆಯ ಪ್ಯಾಕೇಜಿನ ಡ್ರೈವರ್ ಕೂತಿದೆ. ಹಂತ 3ರಂತೆ ಟಿಕ್ ಸಮೇತ ತೆಗೆದು ಜಾಡಿಗ್‌ನಿಂದ ಹಾಕಿ.

ಕೋಡ್ 43: ಸಂಖ್ಯೆ 0000, 0002 ಇದ್ದರೆ ಕೇಬಲ್ ಅಥವಾ ಪೋರ್ಟ್. ಹಂತ 1 ಮತ್ತು 5.

ಕೋಡ್ 10: ಡ್ರೈವರ್ ಇದೆ, ಶುರುವಾಗುತ್ತಿಲ್ಲ. ಪಿಎಸ್‌ಪಿಯನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ, ಹಬ್ ತೆಗೆದು ನೇರ ಪೋರ್ಟ್‌ಗೆ ಹಾಕಿ. ಹಾಗೂ ಆಗದಿದ್ದರೆ ತೆಗೆದು ಮರಳಿ ಹಾಕಿ.

ಕೋಡ್ 45: ಸಾಧನ ಸಿಕ್ಕಿಸಿಲ್ಲ, ಮಂಕಾದ ಹಳೆಯ ನಮೂದು ಅಷ್ಟೇ. ಇದು ದೋಷವಲ್ಲ.

ಕೋಡ್ ಏನೇ ಇರಲಿ, ವಿಂಡೋಸ್ ಸೆಕ್ಯೂರಿಟಿಯ ‘ಕೋರ್ ಐಸೊಲೇಶನ್’ ಪುಟದಲ್ಲಿ ‘ಮೆಮೊರಿ ಇಂಟೆಗ್ರಿಟಿ’ಗೆ ಹೊಂದದ ಡ್ರೈವರ್‌ಗಳ ಪಟ್ಟಿಯಲ್ಲಿ ಲಿಬ್‌ಯುಎಸ್‌ಬಿ ಹೆಸರು ಕಂಡರೆ, ಆ ಸುರಕ್ಷೆಯನ್ನು ಆಫ್ ಮಾಡಲು ಹೋಗಬೇಡಿ. ಹಳೆಯ ಡ್ರೈವರ್ ತೆಗೆದು ಜಾಡಿಗ್‌ನ ಹೊಸ ಆವೃತ್ತಿಯಿಂದ ಹಾಕುವುದೇ ಸರಿ.

## ಮೆಮೊರಿ ಸ್ಟಿಕ್ ಕಾಣದಾದರೆ

ಪಿಎಸ್‌ಪಿ ಸ್ಟೋರೇಜ್ ವೇಷದಲ್ಲಿದ್ದಾಗ ಜಾಡಿಗ್ ಓಡಿಸಿದವರ ಪಾಡಿದು. ಪೆನ್‌ಡ್ರೈವ್ ಡ್ರೈವರ್ ಇರಬೇಕಾದ ಜಾಗದಲ್ಲಿ ಲಿಬ್‌ಯುಎಸ್‌ಬಿ ಕೂತಿರುತ್ತದೆ, ಹಾಗಾಗಿ ಡ್ರೈವ್ ಅಕ್ಷರ ಬರುವುದಿಲ್ಲ. ಮೆಮೊರಿ ಸ್ಟಿಕ್ ಹಾಳಾಗಿಲ್ಲ, ಒಳಗಿನ ಸೇವ್ ಫೈಲ್‌ಗಳೂ ಹಾಗೇ ಇವೆ, ಫಾರ್ಮ್ಯಾಟ್ ಮಾಡಬೇಡಿ.

ಪ್ಲಗಿನ್ ಸಾಲುಗಳ 1 ಅನ್ನು 0 ಮಾಡಬೇಕು, ಆದರೆ ಡ್ರೈವ್ ಕಾಣದೆ ಫೈಲ್ ತಿದ್ದುವುದು ಹೇಗೆ? ಪಿಎಸ್‌ಪಿ ಆನ್ ಮಾಡುವಾಗ ಆರ್ ಗುಂಡಿ ಒತ್ತಿ ಹಿಡಿದರೆ ರಿಕವರಿ ಮೆನು ಬರುತ್ತದೆ, ಅಲ್ಲಿ ಪ್ಲಗಿನ್ ಆಫ್ ಮಾಡಬಹುದು. ಕಾರ್ಡ್ ರೀಡರ್ ಇದ್ದರೆ ಕಾರ್ಡನ್ನೇ ತೆಗೆದು ತಿದ್ದಿ. ಆಮೇಲೆ ‘ಯುಎಸ್‌ಬಿ ಕನೆಕ್ಷನ್’ ಒತ್ತಿ, ಡಿವೈಸ್ ಮ್ಯಾನೇಜರ್‌ನಲ್ಲಿ 01ಸಿ8 ಅಥವಾ 02ಡಿ2 ಸಂಖ್ಯೆಯ ಲಿಬ್‌ಯುಎಸ್‌ಬಿ ಸಾಧನ ಹುಡುಕಿ, ಟಿಕ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿ, ಕೇಬಲ್ ತೆಗೆದು ಮತ್ತೆ ಸಿಕ್ಕಿಸಿ. ವಿಂಡೋಸ್ ತನ್ನದೇ ಡ್ರೈವರ್ ಹಾಕಿಕೊಳ್ಳುತ್ತದೆ.

## ಉಳಿದ ಸಣ್ಣಪುಟ್ಟ

ಲಿನಕ್ಸ್‌ನಲ್ಲಿ ಡ್ರೈವರ್ ಹಾಕುವ ಪ್ರಶ್ನೆಯಿಲ್ಲ. ಅಲ್ಲಿ ಅಡ್ಡ ಬರುವುದು ಅನುಮತಿ. 054ಸಿ, 01ಸಿ9ಕ್ಕೆ ಒಂದು ಯುಡೆವ್ ನಿಯಮ (ಸಾಧನವನ್ನು ಯಾರು ಬಳಸಬಹುದೆಂದು ಲಿನಕ್ಸ್‌ಗೆ ಹೇಳುವ ಸಾಲು) ಬರೆದರೆ ರೂಟ್, ಅಂದರೆ ಅಡ್ಮಿನ್, ಆಗದೆಯೇ ಪಿಎಸ್‌ಪಿಲಿಂಕ್ ಓಡುತ್ತದೆ.

ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ ತಟ್ಟನೆ ನಿಂತರೆ ವಿಂಡೋಸ್ ಪೋರ್ಟ್‌ನ ಕರೆಂಟ್ ಉಳಿಸಲು ಹೊರಟಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ‘ಯುಎಸ್‌ಬಿ ರೂಟ್ ಹಬ್’ನ ‘ಪವರ್ ಮ್ಯಾನೇಜ್‌ಮೆಂಟ್’ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡುವ ಟಿಕ್ ತೆಗೆಯಿರಿ.

ಶಬ್ದ ಬರುತ್ತಿಲ್ಲವೆಂದು ಡ್ರೈವರ್ ಕಿತ್ತು ಹಾಕುವವರೂ ಇದ್ದಾರೆ. ರಿಮೋಟ್‌ಜಾಯ್‌ಲೈಟ್ ಯುಎಸ್‌ಬಿಯಲ್ಲಿ ಚಿತ್ರವನ್ನಷ್ಟೇ ಕಳಿಸುತ್ತದೆ. ಎರಡೂ ತುದಿ 3.5 ಎಂಎಂ ಇರುವ ಆಕ್ಸ್ ಕೇಬಲ್ ಒಂದನ್ನು ಪಿಎಸ್‌ಪಿಯ ಹೆಡ್‌ಫೋನ್ ಜ್ಯಾಕ್‌ನಿಂದ ಕಂಪ್ಯೂಟರಿನ ನೀಲಿ ಲೈನ್-ಇನ್‌ಗೆ ಹಾಕಿ, ಪಿಎಸ್‌ಪಿಯ ವಾಲ್ಯೂಮ್ ಮುಕ್ಕಾಲಿಗೆ ಇಡಿ.